ಶ್ರುತಿ ಇಳಿಸಿದ್ದು ಯಾರಿಗಾಗಿ?

ಬಾರ್ಸಿಲೋನಾ
೨೪ ಜನವರಿ ೧೯೬೩

ಫೆರ್ಮಿ,

‘ಪ್ರೀತಿಯ’ ಎಂದು ಬರೆದು ಹೊಡೆದುಹಾಕಿದ್ದೇನೆ. ಕಂಡರೆ ಕಾಣಲಿ.

ಭಾನುವಾರ ಮಧ್ಯಾಹ್ನ ಅನ್ನಕ್ಕೆ ಚಿಪ್ಪುಮೀನು ಹಾಕುತ್ತಿದ್ದೆ. ಮ್ಯಾಡ್ರಿಡ್ ರೇಡಿಯೋದಲ್ಲಿ ನಿನ್ನ ಟ್ರಂಪೆಟ್ ಬಂತು. ಮದುವೆಯ ವರ್ಷ ನನಗೆಂದು ನೀನು ಕಟ್ಟಿದ ಹಾಡು! ಖುಷಿಯಿಂದ ಪಿಯಾನೋ ಹತ್ತಿರ ಓಡಿಬಂದು ಜೊತೆಗೂಡಿದರೆ ನನ್ನ ಬೆರಳೇ ಅಪಸ್ವರ. ನೀನು ಶ್ರುತಿಯನ್ನು ಪಿಯಾನೋದ ಎರಡು ಮನೆಯಷ್ಟು ಇಳಿಸಿದ್ದೆ. ಕೊನೆಯ ಆ ಎತ್ತರದ ಸ್ವರವೂ ಇರಲಿಲ್ಲ.

ಹದಿನಾರು ವರ್ಷ ಒಂದೇ ಶ್ರುತಿಯಲ್ಲಿ ನುಡಿಸಿದ ಹಾಡದು. ನಮ್ಮ ವಾದ್ಯದವರು ಸುಮ್ಮನೆ ಶ್ರುತಿ ಇಳಿಸುವುದಿಲ್ಲ, ಹಾಡುವವಳ ಗಂಟಲಿಗೆ ತಕ್ಕಂತೆ ಇಳಿಸುತ್ತಾರೆ. ನಾನೇ ಎಷ್ಟು ಜನಕ್ಕೆ ಇಳಿಸಿಕೊಟ್ಟಿಲ್ಲ? ರೇಡಿಯೋದಲ್ಲಿ ಯಾರೂ ಹಾಡಲಿಲ್ಲ, ನಿಜ. ಅವಳ್ಯಾರೋ, ಅವಳ ಶ್ರುತಿಯೇ ನಿನಗೆ ರೂಢಿಯಾಗಿರಬೇಕು.

ಈಗ ಒಂದೊಂದೇ ನೆನಪಾಗುತ್ತಿದೆ. ಮ್ಯಾಡ್ರಿಡ್‌ನಿಂದ ನೀನು ಕಳಿಸಿದ ನಿಮ್ಮ ಬ್ಯಾಂಡಿನ ಫೋಟೋದಲ್ಲಿ ಎಲ್ಲರೂ ನಗುತ್ತಿದ್ದಾರೆ, ನೀನೊಬ್ಬ ತುಟಿ ಬಿಗಿದು ನಿಂತಿದ್ದೀಯ. ಕ್ರಿಸ್‌ಮಸ್‌ಗೆ ಮನೆಗೆ ಬರಲಿಲ್ಲ. ನಾನು ಕಳಿಸಿದ ಗಟ್ಟಿ ಬಾದಾಮಿ ಮಿಠಾಯಿಯನ್ನು ‘ಹಂಚಿಬಿಟ್ಟೆ’ ಎಂದು ಬರೆದೆ. ಒಂದು ಚೂರೂ ಬಿಡದೆ ಕಟುಮ್ಮೆಂದು ಕಡಿಯುತ್ತಿದ್ದವನು, ಯಾರಿಗಪ್ಪಾ ಹಂಚಿದೆ?

ರಜೆಗೆ ಊರಿಗೆ ಬಂದಿರುವ ನಿಮ್ಮ ಡ್ರಮ್ಮರ್ ಬಾಲ್ದಿರಿ ನಿನ್ನೆ ಮನೆಗೆ ಬಂದ. ಕೂರುವ ಮೊದಲೇ ನನ್ನ ಮುಖ ನೋಡಿ, “ಹೆಂಗಸು ಗಿಂಗಸು ಏನಿಲ್ಲ ಅತ್ತಿಗೆ, ಸುಮ್ನೆ ತಲೆ ಕೆಡಿಸ್ಕೋಬೇಡಿ” ಅಂದ. ನಾನಿನ್ನೂ ಕುಂಬಳಕಾಯಿ ಕಳ್ಳ ಎಂದಿರಲಿಲ್ಲ, ಇವನಾಗಲೇ ಹೆಗಲು ಮುಟ್ಟಿ ನೋಡಿಕೊಂಡ.

ನಾಳೆ ಹತ್ತಕ್ಕೆ ಮಯ್ಯೋರ್ಕಾ ದ್ವೀಪದ ಹೋಟೆಲಿನವರು ಕರಾರುಪತ್ರ ತರುತ್ತಾರೆ. ಮೂರು ವರ್ಷ ಅಲ್ಲೇ ಪಿಯಾನೋ ನುಡಿಸಬೇಕು. ಸಹಿ ಹಾಕುತ್ತೇನೆ. ನಿನ್ನ ಬಟ್ಟೆಬರೆ ನಿನ್ನಕ್ಕನ ಮನೆಗೆ ಹೋಗುತ್ತದೆ. ನನಗೇನೂ ಅನಿಸುತ್ತಿಲ್ಲ ಎಂದು ಬರೆಯಹೊರಟಿದ್ದೆ. ಸುಳ್ಳು, ತುಂಬಾ ನೋಯುತ್ತಿದೆ.

ಇಂತಿ,
ಇನ್ನೂ ನಿನ್ನ ಹೆಸರಿಟ್ಟುಕೊಂಡಿರುವ
ರೆಮೇ

ಮರೆತ ಮಾತು: ಮರುದಿನ ಲಕೋಟೆ ಒಡೆದು ಬರೆಯುತ್ತಿದ್ದೇನೆ. ಬೆಳಿಗ್ಗೆ ನಿನ್ನ ಬಟ್ಟೆಗಂಟು ಹೊರಲು ಬಾಲ್ದಿರಿಯನ್ನು ಕರೆದೆ. ಗಂಟು ನೋಡಿ ಅವನ ಮುಖ ಬಿಳುಚಿತು. “ಅವ್ನು ನನ್ನ ಕೊಂದ್ರೂ ಸರಿ, ಹೇಳ್ಬಿಡ್ತೀನಿ ಅತ್ತಿಗೆ. ಅವನ ಮುಂದಿನ ಎರಡು ಹಲ್ಲು ಹೋಗಿವೆ. ಕಟ್ಟಿಸಿದ ಹಲ್ಲಲ್ಲಿ ಮೇಲಿನ ಸ್ವರ ನಿಲ್ತಿಲ್ಲ. ಟ್ರಂಪೆಟ್ ಕೈಬಿಟ್ಟೋದ್ರೆ ರೆಮೇಗೆ ನಾನ್ಯಾಕೆ ಬೇಕು ಅಂತ ಅಳ್ತಾನೆ. ಹೇಳಬೇಡ ಅಂತ ಆಣೆ ಹಾಕಿಸ್ಕೊಂಡಿದ್ದ” ಎಂದ.

ಹೋಟೆಲಿನವರಿಗೆ ನಾನು ಬಾಗಿಲು ತೆರೆಯಲಿಲ್ಲ. ಹೊಡೆದುಹಾಕಿದ ಆ ಪದವನ್ನು ಸೇರಿಸಿಕೊಂಡೇ ಓದು. ಬೇಗ ಬಾ, ದಡ್ಡ. ಎಷ್ಟು ಮನೆ ಬೇಕೋ ಅಷ್ಟು ಇಳಿಸಿ ನುಡಿಸುತ್ತೇನೆ. ಈ ಸಲ ಮೆತ್ತಗಿನ ಮಿಠಾಯಿ ತಂದಿಟ್ಟಿದ್ದೇನೆ.