ಚಿಲಿಪಿಲಿಯ ಲೋಟ

ಅಪ್ಪಾ,

ಮದುವೆಯಾಗಿ ಇಪ್ಪತ್ತೆರಡೇ ದಿನ, ಇವರ ಸುದ್ದಿ ಶುರುಮಾಡಿದರೆ ನನ್ನ ಬಾಯಿ ನಿಲ್ಲುವುದೇ ಇಲ್ಲ! ಆದರೆ ಇವತ್ತು ನನ್ನ ಯುಕೆಜಿ ಮಕ್ಕಳ ಸುದ್ದಿಯನ್ನೇ ಹೇಳಬೇಕು.

ಈ ವಾರದ ಪಾಠ ಬೀಜ. ಸೋಮವಾರ ಎಲ್ಲರೂ ಲೋಟದಲ್ಲಿ ಒದ್ದೆ ಹತ್ತಿಯಿಟ್ಟು ಒಂದೊಂದು ಹೆಸರುಕಾಳು ಹಾಕಿದರು, ನಾನೂ ಹಾಕಿದೆ. ಬುಧವಾರದ ಹೊತ್ತಿಗೆ ಎಲ್ಲರವೂ ಮೊಳೆತಿದ್ದವು, ನಾನು ಚಿಲಿಪಿಲಿ ಎಂದು ಕರೆಯುವ ಮಾತಿನಮಲ್ಲಿಯದನ್ನು ಬಿಟ್ಟು. ಅವಳ ಸಪ್ಪೆ ಮುಖ ನೋಡಲಾಗಲಿಲ್ಲ. ಊಟದ ಬಿಡುವಿನಲ್ಲಿ ಅವಳ ಕಾಳನ್ನು ಕಸದ ಬುಟ್ಟಿಗೆ ಹಾಕಿ, ನನ್ನ ಲೋಟದ ಮೊಳಕೆಯನ್ನು ಅವಳ ಲೋಟದಲ್ಲಿಟ್ಟೆ. ಅವಳು ಕುಣಿದಳು, ನಾನೂ ಕುಣಿದೆ!

ಇವತ್ತು ಎಲ್ಲರೂ ಲೋಟ ಮನೆಗೆ ಒಯ್ದರು. ಅವಳು ತನ್ನದನ್ನು ನನ್ನ ಮೇಜಿನ ಮೇಲಿಟ್ಟಳು.

"ಇದು ನಂದಲ್ಲ ಮಿಸ್. ನಂದು ಕಸದ ಬುಟ್ಟೀಲಿತ್ತು, ಅವತ್ತೇ ನೋಡ್ದೆ."

"ಮತ್ತೆ ಅಷ್ಟೊಂದು ಕುಣಿದ್ಯಲ್ಲೇ, ಕಳ್ಳಿ?"

"ನಿಮಗೆ ಖುಷಿಯಾಗ್ಲಿ ಅಂತ."

ನಿಮ್ಮ ಕೊನೆಯ ದಿನಗಳಲ್ಲಿ, ಆಸ್ಪತ್ರೆಯಲ್ಲಿ ನಿಮ್ಮ ರಿಪೋರ್ಟನ್ನು ಬ್ಯಾಗಿನಲ್ಲಿ ಬಚ್ಚಿಟ್ಟು, "ಎಲ್ಲಾ ನಾರ್ಮಲ್ ಅಪ್ಪಾ, ನನ್ನ ಮದುವೇಲಿ ನೀವೇ ಓಡಾಡ್ತೀರ" ಎಂದಿದ್ದೆನಲ್ಲ. ನೀವು ನಕ್ಕು, "ಹಾಗಾದ್ರೆ ನಂಗೊಂದು ಹೊಸ ಷರ್ಟ್ ಹೊಲಿಸು ಮಗಳೇ" ಎಂದಿರಿ.

ಮರುದಿನವೇ ದರ್ಜಿಯನ್ನು ಕರೆತಂದೆ. ಅವನು ಅಳತೆ ತೆಗೆಯುವಷ್ಟು ಹೊತ್ತೂ ನೀವು ಮಂಚದ ಕಂಬಿ ಹಿಡಿದು, ಎದೆಯುಬ್ಬಿಸಿ, ನೆಟ್ಟಗೆ ನಿಂತಿದ್ದಿರಿ.