ಕಿಟಕಿಯಲ್ಲಿ ನಾವು ಕೈಬೀಸಿದ್ದು ಸ್ವಾಗತಕ್ಕಲ್ಲ

ಕಡಲಂಚಿನ ಮಹಲಿನ ಕಲಾಸಂಗ್ರಹಾಲಯವನ್ನು ಆಳುತ್ತಿರುವ ಮಾನ್ಯ ನಿರ್ದೇಶಕರೇ,

ಹೊರಗಿನಿಂದ ಬೀಗ ಹಾಕಿದ ಕೋಣೆಯೊಳಗೆ ನನ್ನ ಅಕ್ಕನ ಜೀವ ಉಳಿಸಿದ ಕಾವಲುಗಾರನನ್ನು ನೀವು ಅಮಾನತು ಮಾಡಿದ್ದೀರಿ. ಆ ಆದೇಶವನ್ನು ಹಿಂದಕ್ಕೆ ಪಡೆಯಿರಿ ಎಂದು ಕೇಳಲು ನಿಮ್ಮ ಕಚೇರಿಗೆ ಬಂದೆ, ನೀವು ಸಭೆಯಲ್ಲಿದ್ದಿರಿ. ಮತ್ತೆ ಬಂದೆ, ಸಭೆಗೆ ಹೊರಟಿದ್ದಿರಿ. ಅದಕ್ಕೇ ಊರೆಲ್ಲ ಓದುವ ಹಾಗೆ ಬರೆಯುತ್ತಿದ್ದೇನೆ. ಮುಚ್ಚಿದ ಬಾಗಿಲಿನ ಹಿಂದೆ ಎಷ್ಟು ಕೂಗಿದರೂ ಏನಾಗುತ್ತದೆ ಎಂಬುದನ್ನು ನಿಮ್ಮ ಮಹಲಿನಲ್ಲೇ ಕಲಿತು ಬಂದಿದ್ದೇನಲ್ಲ!

ನಾನು ಮುದ್ರಣಾಲಯದಲ್ಲಿ ಕರಡು ತಿದ್ದುವವನು. ಅಕ್ಕ ಪರದೆ, ದಿಂಬು, ಕುರ್ಚಿಯ ಮೆತ್ತೆ ಹೊಲಿದು ಬದುಕುವವಳು. ದಿನವೂ ದೋಣಿಯಲ್ಲಿ ಕೆಲಸಕ್ಕೆ ಹೋಗುವಾಗ ಅವಳ ಕಣ್ಣು ನಿಮ್ಮ ಮಹಲಿನ ಮೇಲೆಯೇ. ಹಡಗಿನ ವ್ಯಾಪಾರಿಯೊಬ್ಬ ಕಟ್ಟಿಸಿದ ಮನೆ, ನೀರಿನೊಳಕ್ಕೆ ಇಳಿದುಹೋಗುವ ಅಮೃತಶಿಲೆಯ ಮೆಟ್ಟಿಲು, ಮೇಲೆ ಸಾಲು ಕಿಟಕಿ. “ಅಷ್ಟೆತ್ತರದ ಕಿಟಕಿಗೆ ಪರದೆ ಹೊಲಿದೋರ ಬೆನ್ನು ಏನಾಗಿರ್ಬೇಕು ಹೇಳು!” ಎನ್ನುತ್ತಿದ್ದಳು. ಒಂದು ರಜೆಯ ದಿನ ಕರೆದುಕೊಂಡು ಹೋದೆ. ಸುಳ್ಳೇಕೆ ಹೇಳಲಿ, ಮನೆ ಚೆಂದವಿದೆ. ನೀರಿನ ಬೆಳಕು ಚಾವಣಿಯ ಮೇಲೆ ಆಡುತ್ತಿತ್ತು. ಅಕ್ಕ ಚಿತ್ರದಲ್ಲಿನ ರಾಣಿಯ ಮುಖ ನೋಡದೆ ಅವಳ ರೇಷ್ಮೆಯ ಮಡಿಕೆಗಳನ್ನೇ ನೋಡುತ್ತ, ಮೂಗು ಚಿತ್ರಕ್ಕೆ ತಾಗುವಷ್ಟು ಹತ್ತಿರ ಹೋಗಿ ಬೈಸಿಕೊಂಡಳು.

ಅದಕ್ಕೂ ಮೊದಲು ಬಾಗಿಲಲ್ಲಿ ನಡೆದದ್ದನ್ನು ಹೇಳಬೇಕು. ಅಕ್ಕನಿಗೆ ಸಕ್ಕರೆ ಕಾಯಿಲೆ, ದಿನವೂ ಇನ್ಸುಲಿನ್. ಊಟ ತಡವಾದರೆ ರಕ್ತದಲ್ಲಿ ಸಕ್ಕರೆ ಕುಸಿದು ಜೀವಕ್ಕೇ ಕುತ್ತು ಬರುತ್ತದೆ. ಅದಕ್ಕೆಂದೇ ಚೀಲದಲ್ಲಿ ಸಿಹಿ ಇಟ್ಟುಕೊಂಡಿರುತ್ತಾಳೆ. ನಿಮ್ಮ ಸಿಬ್ಬಂದಿ ಚೀಲ ಒಳಗೆ ಬಿಡಲಿಲ್ಲ.

“ಇದ್ರಲ್ಲಿ ನನ್ನ ಸಕ್ಕರೆ ಇದೆ ಕಣಮ್ಮ, ಅದೊಂದು ತಗೋತೀನಿ.”

“ತಿನ್ನೋದೇನೂ ಬಿಡಲ್ಲ ಮೇಡಂ. ಚಿತ್ರಕ್ಕೆ ಇರುವೆ ಹತ್ತುತ್ತೆ.”

ಬೇಗ ನೋಡಿ ಬಂದು ಊಟ ಮಾಡಿದರಾಯಿತು ಎಂದುಕೊಂಡೆವು. ನಾವು ಸಮುದ್ರದ ಕಡೆಯ ಕೋಣೆಗೆ ಹೋಗಿ ಸ್ವಲ್ಪ ಹೊತ್ತಾಗಿತ್ತಷ್ಟೇ, ಹಿಂದೆ ಬಾಗಿಲು ಮುಚ್ಚಿತು. ಬೀಗ ತಿರುಗಿದ ಸದ್ದು ಕೇಳಿತು. ದೊಡ್ಡ ಅತಿಥಿಯೊಬ್ಬರು ದೋಣಿಯಲ್ಲಿ ಬರುತ್ತಿದ್ದಾರಂತೆ. ಅವರು ನೋಡಿ ಹೋಗುವವರೆಗೆ ಜನ ಎಲ್ಲಿದ್ದಾರೋ ಅಲ್ಲೇ ಇರಬೇಕಂತೆ. “ದುಡ್ಡು ಕೊಟ್ಟು ಜೈಲು ನೋಡೋಕೆ ಬಂದ ಹಾಗಾಯ್ತು!” ಎಂದು ಯಾರೋ ನಕ್ಕರು. ನಾವೂ ನಕ್ಕೆವು.

ಕಿಟಕಿಗಳು ತೆರೆಯುವಂಥವಲ್ಲ, ಉಪ್ಪುಗಾಳಿ ಚಿತ್ರಗಳಿಗೆ ತಾಗಬಾರದಲ್ಲ. ಹತ್ತಾರು ಜನರ ಉಸಿರಿಗೆ ಕೋಣೆ ಹಬೆಯಾಯಿತು. ನಗು ನಿಂತಿತು. ಊಟದ ಹೊತ್ತೂ ಮೀರಿತು. ನಮ್ಮೊಂದಿಗೆ ಬೆಳ್ಳಿ ಮೀಸೆಯ ಕಾವಲುಗಾರನೂ ಒಳಗೇ ಸಿಕ್ಕಿಕೊಂಡಿದ್ದ.

“ಬಾಗಿಲು ತೆಗೀರಿ ಅಣ್ಣ, ಅಕ್ಕನಿಗೆ ಸಕ್ಕರೆ ಇಳಿದುಬಿಟ್ಟಿದೆ,” ಎಂದೆ.

“ಕೀಲಿ ಹೊರಗಡೆ ಇರುತ್ತೆ ಸರ್. ಒಳಗಿರೋರಿಗೆ ಕೊಡಲ್ಲ.”

“ಹಾಗಾದ್ರೆ ನೀವೂ ನಮ್ಮ ಥರಾನೇ?”

“ಯೂನಿಫಾರ್ಮ್ ಒಂದು ಬೇರೆ, ಅಷ್ಟೇ.”

ಆತ ವಾಕಿಟಾಕಿಯಲ್ಲಿ ಬೇಡಿಕೊಂಡ. “ಕಾಯಿರಿ,” ಎಂದಿತು ಅದು. ಮತ್ತೆ ಬೇಡಿದ. ಮತ್ತೆ “ಕಾಯಿರಿ.” ಆ ಯಂತ್ರಕ್ಕೆ ಬಾಯಿತ್ತು, ಕಿವಿಯಿರಲಿಲ್ಲ. ಅಕ್ಕ ಗೋಡೆಗೆ ಒರಗಿ ಕುಳಿತಳು. ಹಣೆಯಿಂದ ಬೆವರು ಇಳಿಯುತ್ತಿತ್ತು. “ಪರದೆ ಎಳೀರೋ, ಬಿಸಿಲಿಗೆ ಬಟ್ಟೆ ಬಣ್ಣ ಹೋಗುತ್ತೆ,” ಎಂದು ಚಿತ್ರದೊಳಗಿನ ಸೂರ್ಯನನ್ನು ನೋಡಿ ಹೇಳಿದಳು. ಬಾಗಿಲು ಗುದ್ದಿದೆ. ಅದರ ಕೆತ್ತನೆಯ ಹೂಬಳ್ಳಿ ನನ್ನ ಅಂಗೈಯಲ್ಲಿ ಮೂಡಿತೇ ಹೊರತು ಬಾಗಿಲು ಮಿಸುಕಲಿಲ್ಲ. ಕಿಟಕಿಗೆ ಓಡಿದೆ. ಕೆಳಗೆ ಮೆಟ್ಟಿಲ ಮೇಲೆ ನೀವೇ ನಿಂತಿದ್ದಿರಿ, ಮಾನ್ಯರೇ! ಬೆರಳೆತ್ತಿ ಅತಿಥಿಗೆ ನಮ್ಮ ಕಿಟಕಿಯನ್ನೇ ತೋರಿಸುತ್ತಿದ್ದಿರಿ. ನಾವೆಲ್ಲ ಗಾಜಿಗೆ ಮುಖ ಒತ್ತಿ, ಎರಡೂ ಕೈ ಬೀಸಿ, ಗಂಟಲು ಹರಿಯುವಂತೆ ಕೂಗಿದೆವು. ಅತಿಥಿ ನಗುತ್ತ ಕೈಬೀಸಿದರು. ನೀವೂ ಕೈಬೀಸಿದಿರಿ.

ಮನುಷ್ಯನಿಗೆ ಇದಕ್ಕಿಂತ ದೊಡ್ಡ ಸೆರೆ ಇದೆಯೇ? ಯಾರ ಕಣ್ಣಿಗೂ ಬೀಳದಿದ್ದರೆ ಒಂದು ಮಾತು. ಕಣ್ಣಿಗೆ ಬಿದ್ದೂ ಅಲಂಕಾರವಾಗಿಬಿಟ್ಟರೆ?

ನಾನು ತಿರುಗಿದಾಗ ಕಾವಲುಗಾರ ಗೋಡೆಯ ಮೇಲಿನ ಕ್ಯಾಮೆರಾ ನೋಡಿದ, ಅಕ್ಕನನ್ನು ನೋಡಿದ. ಆಮೇಲೆ ಮಂಡಿಯೂರಿ ಜೇಬಿನಿಂದ ಒಂದು ಹಿಡಿ ಟಾಫಿ ತೆಗೆದ.

“ಬಾಯಿ ತೆಗೀರಮ್ಮ. ಸಿಗರೇಟು ಬಿಟ್ಟಾಗಿಂದ ಇದೇ ನನ್ನ ಕಳ್ಳತಿಂಡಿ. ಹಾಂ, ಚಪ್ಪರಿಸಿ… ಇನ್ನೊಂದು… ಇನ್ನೊಂದು…”

ಕೊನೆಗೆ ಎದ್ದು, ಆ ಕಿವುಡು ವಾಕಿಟಾಕಿಯಿಂದಲೇ ಕಿಟಕಿಯ ಗಾಜು ಒಡೆದ. ಚೂರುಗಳು ನೀರಿಗೆ ಬಿದ್ದವು. ನಮ್ಮ ಕೂಗು ಕೆಳಗಿಳಿಯಿತು. ಅತಿಥಿಯ ನಗು ಮಾಯವಾಯಿತು, ಬೀಗ ತಕ್ಷಣ ತೆರೆಯಿತು. ಗಾಜು ಒಡೆದರೆ ಇಷ್ಟು ಬೇಗ ತೆರೆಯುವ ಬಾಗಿಲು, ಹೆಣ್ಣುಮಗಳೊಬ್ಬಳು ಕುಸಿದರೆ ಏಕೆ ತೆರೆಯಲಿಲ್ಲ? ಆಸ್ಪತ್ರೆಯಲ್ಲಿ ವೈದ್ಯರು, “ಆ ಟಾಫಿ ಇಲ್ದಿದ್ರೆ ಕಷ್ಟ ಇತ್ತು,” ಎಂದರು. ಅಷ್ಟೇ ಹೇಳಿದ್ದು; ನನಗೆ ಅಷ್ಟು ಸಾಕಾಯಿತು.

ಮರುದಿನದ ಪತ್ರಿಕೆಯ ಕರಡು ನನ್ನ ಮೇಜಿಗೇ ಬಂತು. ಫೋಟೋದಲ್ಲಿ ಕಿಟಕಿಗೆ ಮುಖ ಒತ್ತಿದ ನಾವು, ಕೆಳಗೆ ಅಡಿಬರಹ: ‘ಗಣ್ಯರನ್ನು ಹರ್ಷದಿಂದ ಸ್ವಾಗತಿಸಿದ ಪ್ರೇಕ್ಷಕರು’. ಅಕ್ಷರದೋಷ ಒಂದೂ ಇರಲಿಲ್ಲ. ನನ್ನ ಕೆಲಸ ಅಕ್ಷರ ತಿದ್ದುವುದು ಮಾತ್ರ; ಮುಂದಕ್ಕೆ ಕಳಿಸಿದೆ.

ಈಗ ನಿಮ್ಮ ಆದೇಶಕ್ಕೆ ಬರೋಣ. ಚಿತ್ರಶಾಲೆಯಲ್ಲಿ ತಿನಿಸು ಇಟ್ಟುಕೊಂಡದ್ದು, ಪುರಾತನ ಗಾಜಿಗೆ ಹಾನಿ ಮಾಡಿದ್ದು, ಅತಿಥಿಯ ಮುಂದೆ ಸಂಸ್ಥೆಯ ಮಾನ ಕಳೆದದ್ದು, ಇವು ಕಾವಲುಗಾರನ ಅಪರಾಧಗಳು. ಸಾಕ್ಷಿ ನಿಮ್ಮ ಕ್ಯಾಮೆರಾ. ಎಂಥ ಚುರುಕು ಕ್ಯಾಮೆರಾ ಸ್ವಾಮಿ! ಟಾಫಿಯ ಕಾಗದ ಕಂಡಿತು, ಟಾಫಿ ತಿಂದವಳು ನೆಲಕ್ಕೆ ಒರಗಿದ್ದು ಕಾಣಲಿಲ್ಲವೇ? ಗಾಜು ಪುರಾತನ, ಒಪ್ಪಿದೆ. ನನ್ನ ಅಕ್ಕನೂ ಒಬ್ಬಳೇ ಇರುವುದು. ಅವಳ ಇನ್ನೊಂದು ಪ್ರತಿ ಯಾವ ಸಂಗ್ರಹಾಲಯದಲ್ಲೂ ಇಲ್ಲ. ಸಂಸ್ಥೆಯ ಮಾನವೆನ್ನುತ್ತೀರಿ. ಅಂದು ಆ ಕೋಣೆಯಲ್ಲಿ ಅದು ಇದ್ದುದಾದರೆ ಮಂಡಿಯೂರಿ ಕುಳಿತಿತ್ತು, ಬೆಳ್ಳಿ ಮೀಸೆ ಬಿಟ್ಟಿತ್ತು.

ಆ ಕಾವಲುಗಾರರ ಮನೆಗೂ ಹೋಗಿಬಂದೆವು. ಹಗಲೆಲ್ಲ ಒಂದೇ ಕೋಣೆಯಲ್ಲಿ ಕೂತಿರುತ್ತಾರೆ. “ಹೊರಗೆ ಹೋದ್ರೆ ಎಲ್ಲರೂ ಏನು ಮಾಡ್ದೆ ಅಂತ ಕೇಳ್ತಾರಮ್ಮ. ಟಾಫಿ ಕೊಟ್ಟೆ ಅಂದ್ರೆ ನಗ್ತಾರೆ,” ಎಂದರು. ಅಕ್ಕ ತಲೆ ತಗ್ಗಿಸಿ ಸೀರೆಯ ಅಂಚು ತಿರುವುತ್ತ ಕೂತಿದ್ದಳು. ಅವಳು ಈಗ ಬಚ್ಚಲಿನ ಬಾಗಿಲಿಗೂ ಚಿಲಕ ಹಾಕುವುದಿಲ್ಲ.

ಮೊನ್ನೆ ನಿಮ್ಮ ಕಚೇರಿಯಿಂದ ಅಕ್ಕನಿಗೆ ಕರೆ ಬಂತು. ‘ಆದ ಅನನುಕೂಲಕ್ಕಾಗಿ’ ಮತ್ತೊಮ್ಮೆ ಉಚಿತವಾಗಿ ಮಹಲು ನೋಡಬಹುದಂತೆ. ಬಯ್ಯುತ್ತಾಳೆ ಎಂದುಕೊಂಡೆ. ಫೋನಿಟ್ಟು ನನಗೆ ಹೇಳಿದಳು:

“ಬರ್ತೀವಿ ಅಂತ ಬರಿ. ಆ ರೇಷ್ಮೆ ನಾನು ಪೂರ್ತಿ ನೋಡಿಲ್ಲ. ಆದ್ರೆ ಕೋಣೆಯಲ್ಲಿ ಆ ಅಣ್ಣನೇ ಇರ್ಬೇಕು, ಕೀಲಿ ಅವನ ಜೇಬಲ್ಲಿರ್ಬೇಕು ಅಂತಾನೂ ಬರಿ.”

ಬರೆದಿದ್ದೇನೆ. ನಮ್ಮ ಬೇಡಿಕೆಯೂ ಅಷ್ಟೇ. ಇದಕ್ಕೂ “ಕಾಯಿರಿ” ಎನ್ನಬೇಡಿ.

ಇಂತಿ,
ಇನ್ನು ಎಲ್ಲೇ ಹೋದರೂ ಬಾಗಿಲ ಬಳಿಯೇ ನಿಂತು ಚಿತ್ರ ನೋಡುವ
ಒಬ್ಬ ಪ್ರೇಕ್ಷಕ