ನೆಲ ಮುಟ್ಟಿದ ಕೈ

ಉರಿಗಾಂ, ೧೯೩೪

ಬೇತಮಂಗಲದ ಭಾವನವರಿಗೆ ಕದಿರಪ್ಪ ಮಾಡುವ ನಮಸ್ಕಾರ.

ನಿಮ್ಮ ಮಗ ದೊರೆಸ್ವಾಮಿ ಆಸ್ಪತ್ರೆಯಲ್ಲಿದ್ದಾನೆ. ಜೀವಕ್ಕೆ ಭಯವಿಲ್ಲ, ದವಡೆ ಮುರಿದಿದೆ. ಅವನ ಮಂಚದ ಪಕ್ಕ ಕೂತೇ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ಬೈಯಬೇಡಿ.

ಕುಸ್ತಿ ಮೇಲು ಎಂದು ನೀವು, ದೊಣ್ಣೆವರಸೆ ಮೇಲು ಎಂದು ನಾನು, ಇಬ್ಬರೂ ಕಿತ್ತಾಡಿದ್ದೇ ಬಂತು. ನಿನ್ನೆ ನಲ್ಲಿಯ ಹತ್ತಿರ ದೊರೆಸ್ವಾಮಿಗೂ ಇನ್ನೊಬ್ಬನಿಗೂ ಜಗಳವಾಯಿತು. ಎದುರಿಗಿದ್ದವನು ಬಾಕ್ಸಿಂಗ್ ಕಲಿತವನು, ಬರಿಗೈಲಿದ್ದ. ಇವನ ಕೈಯಲ್ಲಿ ದೊಣ್ಣೆ. ಇವತ್ತಿಗೆ ನಿಮ್ಮ ಬಾಯಿ ಮುಚ್ಚಿತು ಎಂದುಕೊಂಡು ನೋಡುತ್ತ ನಿಂತೆ. ಇವನು, ಗರಡಿಯಲ್ಲಿ ನಾನು ಕಲಿಸಿದ ಹಾಗೆಯೇ, ಮೊದಲು ಬಗ್ಗಿ ನೆಲ ಮುಟ್ಟಿ ಕಣ್ಣಿಗೊತ್ತಿಕೊಂಡ. ಅವನು ಕಾಯಲಿಲ್ಲ. ಒಂದೇ ಗುದ್ದು.

"ಮಿಕ್ಕಿದ್ ನಮಸ್ಕಾರ ಆಮೇಲ್ ಮಾಡ್ಲಿ, ಎತ್ಕೊಂಡೋಗ್ರಪ್ಪ" ಎಂದು ಅವನ ಕಡೆಯವರು ನಕ್ಕರು.

ಅಗಿಯಲಾಗುವುದಿಲ್ಲ, ಅಕ್ಕನ ಕೈಲಿ ತೆಳ್ಳಗೆ ರಾಗಿ ಅಂಬಲಿ ಮಾಡಿಸಿಕೊಂಡು ಬೇಗ ಬನ್ನಿ. ಅವನ ಮುಂದೆ ಕುಸ್ತಿಯ ಮಾತೆತ್ತಿದರೆ ನಾನು ಸುಮ್ಮನಿರುವವನಲ್ಲ. ಬೆಳಿಗ್ಗೆ ಕಣ್ಣು ಬಿಟ್ಟವನು, ಬಾಯಿ ಬಿಡಲಾಗದೆ, ಮಂಚದ ಪಟ್ಟಿ ಮುಟ್ಟಿ ಕಣ್ಣಿಗೊತ್ತಿಕೊಂಡು ನನ್ನ ಮುಖ ನೋಡಿದ, ಸರಿಯಾಗಿ ಮಾಡಿದೆನಾ ಎಂಬಂತೆ.

"ಸರಿಯಾಗೇ ಮಾಡ್ದೆ ಕಣ್ಲಾ" ಎಂದೆ. ಬೇರೆ ಏನನ್ನಲಿ ಭಾವ?

ನಿಮ್ಮ ಬಾಮೈದ,
ಕದಿರಪ್ಪ